ಕಾಗದಕ್ಕೆ ನಿಲುಕುವ ಬೆಳಕು

ಬಿಸಿಲಿನಲ್ಲಿ ನಿಂತ ಕಲ್ಲುಮಂಟಪವೊಂದರ ಹೊರಮೈಯ ಪ್ರಖರತೆಗೂ ಅದರ ಒಳಗಂಬಗಳ ಮರೆಯಲ್ಲಿರುವ ಕತ್ತಲೆಗೂ ನಡುವಣ ಅಂತರ ಸಾವಿರ ಪಟ್ಟನ್ನು ಸುಲಭವಾಗಿ ಮೀರುತ್ತದೆ. ಕಣ್ಣು ತನ್ನ ಪಾಪೆಯನ್ನು ಹಿಗ್ಗಿಸಿ ಕುಗ್ಗಿಸಿ, ಒಂದೊಂದು ಭಾಗದ ಮೇಲೂ ಬೇರೆ ಬೇರೆಯಾಗಿ ಹರಿದಾಡಿ, ಆ ಎರಡನ್ನೂ ಕಂಡುಕೊಳ್ಳುತ್ತದೆ. ಛಾಯಾಚಿತ್ರದ ಕಾಗದಕ್ಕೆ ಆ ಶಕ್ತಿಯಿಲ್ಲ. ಅದರ ಅತ್ಯಂತ ಬಿಳಿಯ ಭಾಗ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇಕಡಾ 90ರ ಹತ್ತಿರದಷ್ಟನ್ನು ಹಿಂದಿರುಗಿಸಿದರೆ, ಅತ್ಯಂತ ಕಪ್ಪು ಭಾಗವೂ ಶೇಕಡಾ 1ರಷ್ಟನ್ನು ಹಿಂದಿರುಗಿಸಿಯೇ ತೀರುತ್ತದೆ. ಅಂದರೆ ಕಾಗದಕ್ಕೆ ದಕ್ಕುವ ಒಟ್ಟು ವ್ಯಾಪ್ತಿ ನೂರು ಪಟ್ಟಿನ ಆಸುಪಾಸಿನಲ್ಲೇ ನಿಲ್ಲುತ್ತದೆ. ಸಾವಿರವನ್ನು ನೂರರೊಳಗೆ ಅಡಕಮಾಡಬೇಕಾದಾಗ ಏನನ್ನಾದರೂ ಬಿಟ್ಟುಕೊಡದೆ ಗತ್ಯಂತರವಿಲ್ಲ. ಬಿಸಿಲಿಗೆ ಕಾದ ಕಲ್ಲಿನ ಒರಟುತನ ಉಳಿಯಬೇಕೆ, ಕಂಬದ ಹಿಂದಿನ ಕೆತ್ತನೆ ಕಾಣಬೇಕೆ, ಅಥವಾ ಎರಡೂ ಸ್ವಲ್ಪ ಸ್ವಲ್ಪ ಮಂಕಾಗಿ ಜೊತೆಗಿರಬೇಕೆ ಎಂಬ ತೀರ್ಮಾನ ಕ್ಯಾಮೆರಾದಲ್ಲಿ ಅರ್ಧ ಮಾತ್ರ ಆಗುತ್ತದೆ. ಉಳಿದರ್ಧ ಆಗುವುದು ಕತ್ತಲೆ ಕೋಣೆಯಲ್ಲಿ, ನೆಗೆಟಿವ್‌ನಿಂದ ಕಾಗದದ ಮೇಲೆ ಪ್ರಿಂಟು ತೆಗೆಯುವಾಗ. ಆ ಕೋಣೆಯ ಕೆಲಸವನ್ನು ಕಲಿಯುವುದೆಂದರೆ ಮೂಲತಃ ಈ ತೀರ್ಮಾನವನ್ನು ಕೈಗೊಳ್ಳಲು ಕಲಿಯುವುದು. ರಸಾಯನ, ಯಂತ್ರ, ಅಳತೆಗಳೆಲ್ಲವೂ ಅಗತ್ಯವೇ ಆದರೂ ಅವು ಆ ತೀರ್ಮಾನಕ್ಕೆ ಒದಗುವ ಸಾಧನಗಳು ಎಂಬುದು ಈ ಭಾಷಣದ ನಿಲುವು.

ಒಂದು ನೆಗೆಟಿವ್‌ನಿಂದ ಬೇಕಾದಷ್ಟು ಪ್ರಿಂಟುಗಳನ್ನು ತೆಗೆಯಬಹುದೆಂಬ ಕಲ್ಪನೆಯೇ ಇಂಗ್ಲೆಂಡಿನ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ ಅವರ ಕೊಡುಗೆ. 1835ರ ಆಗಸ್ಟಿನಲ್ಲಿ ಅವರು ತಮ್ಮ ಲೇಕಾಕ್ ಅಬ್ಬೆಯ ಮನೆಯ ಕಿಟಕಿಯೊಂದರ ಚಿತ್ರವನ್ನು ಬೆಳ್ಳಿಯ ಲವಣ ಸವರಿದ ಪುಟ್ಟ ಕಾಗದದ ಮೇಲೆ ಮೂಡಿಸಿಕೊಂಡರು. ಇಂದಿಗೆ ಉಳಿದಿರುವ ನೆಗೆಟಿವ್‌ಗಳಲ್ಲಿ ಅದೇ ಅತ್ಯಂತ ಹಳೆಯದು. ಬೆಳಕು ಹೆಚ್ಚಾಗಿ ಬಿದ್ದಲ್ಲಿ ಕಪ್ಪಾಗಿ, ಕಡಿಮೆ ಬಿದ್ದಲ್ಲಿ ತಿಳಿಯಾಗಿ ಉಳಿಯುವ ಈ ತಲೆಕೆಳಗಾದ ಚಿತ್ರವನ್ನು ಮತ್ತೊಂದು ಕಾಗದದ ಮೇಲಿಟ್ಟು ಬಿಸಿಲಿಗೆ ಒಡ್ಡಿದಾಗ ನೆರಳು ಬೆಳಕುಗಳು ಮತ್ತೆ ತಮ್ಮ ತಮ್ಮ ಸ್ಥಾನಕ್ಕೆ ಬರುತ್ತವೆ. ಹಾಗೆ ಬಂದ ಚಿತ್ರ ಬೆಳಕಿನಲ್ಲಿ ಕಪ್ಪಾಗುತ್ತಲೇ ಹೋಗದಂತೆ ತಡೆಯುವ ಉಪಾಯ ಖಗೋಳ ವಿಜ್ಞಾನಿ ಜಾನ್ ಹರ್ಷೆಲ್ ಅವರಿಂದ ಒದಗಿತು. ಸೋಡಿಯಂ ಥಯೋಸಲ್ಫೇಟ್ ಎಂಬ ಲವಣ ಬೆಳ್ಳಿಯ ಲವಣಗಳನ್ನು ಕರಗಿಸಿಬಿಡುತ್ತದೆಂದು ಅವರು 1819ರಲ್ಲೇ ಗುರುತಿಸಿದ್ದರು, 1839ರಲ್ಲಿ ಅದನ್ನು ಛಾಯಾಚಿತ್ರಕ್ಕೆ ಅನ್ವಯಿಸಿದರು. ನಮ್ಮ ಸ್ಟುಡಿಯೋಗಳಲ್ಲಿ ತಲೆಮಾರುಗಳಿಂದ ಹೈಪೊ ಎಂದು ಕರೆಯಲಾಗುವ ಹರಳು ಅದೇ.

ಕರ್ನಾಟಕದ ನೆಲಕ್ಕೆ ಈ ವಿದ್ಯೆ ಬಹು ಬೇಗ ಬಂದಿತು. ಮದ್ರಾಸ್ ಸೈನ್ಯದ ಅಧಿಕಾರಿಯಾಗಿದ್ದ ಅಲೆಕ್ಸಾಂಡರ್ ಗ್ರೀನ್‌ಲಾ ಅವರು 1855-56ರ ಹೊತ್ತಿಗೆ ಹಂಪಿಯ ದೇವಾಲಯಗಳನ್ನೂ ಮಂಟಪಗಳನ್ನೂ ಕಾಗದದ ನೆಗೆಟಿವ್‌ಗಳ ಮೇಲೆ ಚಿತ್ರಿಸಿಕೊಂಡರು. ಆ ನೆಗೆಟಿವ್‌ಗಳು ಸುಮಾರು ಒಂದೂವರೆ ಅಡಿಯಷ್ಟು ದೊಡ್ಡವು. ದೊಡ್ಡ ಪ್ರಿಂಟು ಬೇಕಾದರೆ ನೆಗೆಟಿವ್ ಕೂಡ ಅಷ್ಟೇ ದೊಡ್ಡದಿರಬೇಕಾಗಿದ್ದ ಕಾಲವದು, ಏಕೆಂದರೆ ಕಾಗದಕ್ಕೆ ನೆಗೆಟಿವ್ ಅಂಟಿಕೊಂಡಿರುವಂತೆ ಇಟ್ಟು ಬಿಸಿಲಿನಲ್ಲಿ ಪ್ರಿಂಟು ತೆಗೆಯಲಾಗುತ್ತಿತ್ತು. ಒಂದೇಕಾಲು ಶತಮಾನ ಕಳೆದ ಮೇಲೆ, 1983ರಲ್ಲಿ, ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಅವರು ಗ್ರೀನ್‌ಲಾ ನಿಂತಿದ್ದ ಜಾಗಗಳನ್ನೇ ಹುಡುಕಿ ನಿಂತು ಹಂಪಿಯನ್ನು ಮತ್ತೆ ಚಿತ್ರಿಸಿದರು. 1866ರಲ್ಲಿ ಲಂಡನ್ನಿನಿಂದ ಪ್ರಕಟವಾದ, ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪವನ್ನು ಕುರಿತ ಬೃಹತ್ ಗ್ರಂಥವೂ ಇಲ್ಲಿ ನೆನಪಿಗೆ ಬರಬೇಕು. ಪಿಗೋ, ನೀಲ್ ಮತ್ತು ಬಿಗ್ಸ್ ಅವರು ತೆಗೆದ ಚಿತ್ರಗಳಿಗೆ ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್ ಟಿಪ್ಪಣಿ ಬರೆದ ಈ ಗ್ರಂಥದ ಪುಟಗಳಲ್ಲಿರುವುದು ಅಚ್ಚುಯಂತ್ರದಿಂದ ಬಂದ ಚಿತ್ರಗಳಲ್ಲ, ಮೊಟ್ಟೆಯ ಲೋಳೆ ಸವರಿದ ಕಾಗದದ ಮೇಲೆ ತೆಗೆದು ಅಂಟಿಸಿದ ನಿಜವಾದ ಛಾಯಾಚಿತ್ರ ಪ್ರಿಂಟುಗಳು. ಪ್ರತಿಯೊಂದು ಪ್ರತಿಗೂ ಪ್ರತಿಯೊಂದು ಚಿತ್ರವನ್ನೂ ಯಾರೋ ಕೈಯಾರೆ ತೆಗೆಯಬೇಕಾಗಿತ್ತು. ಕ್ಯಾಮೆರಾ ಹಿಡಿದವರ ಹೆಸರು ಗ್ರಂಥದ ಮುಖಪುಟದಲ್ಲಿದೆ, ಪ್ರಿಂಟು ತೆಗೆದವರದ್ದು ಇಲ್ಲ. ಈ ಅಸಮತೆ ಛಾಯಾಚಿತ್ರದ ಇತಿಹಾಸದುದ್ದಕ್ಕೂ ಮುಂದುವರಿದುಕೊಂಡು ಬಂದಿದೆ.

ಬಿಸಿಲನ್ನು ಬಿಟ್ಟು ಪ್ರಿಂಟು ತೆಗೆಯುವ ಕೆಲಸ ಕೋಣೆಯೊಳಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ, ಬೆಳ್ಳಿಯ ಬ್ರೋಮೈಡ್ ಹರಳುಗಳನ್ನು ಜೆಲಟಿನ್‌ನಲ್ಲಿ ಬೆರೆಸಿ ಕಾಗದಕ್ಕೆ ಲೇಪಿಸುವ ವಿಧಾನ ರೂಢಿಯಾದಾಗ. ಈ ಕಾಗದ ಹಳೆಯದಕ್ಕಿಂತ ಬಹಳ ಸೂಕ್ಷ್ಮವಾದುದರಿಂದ ದೀಪದ ಬೆಳಕೇ ಅದಕ್ಕೆ ಸಾಕಾಯಿತು. ದೀಪದ ಬೆಳಕು ಸಾಕಾದುದರಿಂದ ಚಿಕ್ಕ ನೆಗೆಟಿವ್‌ನ ಬಿಂಬವನ್ನು ಲೆನ್ಸಿನ ಮೂಲಕ ದೊಡ್ಡದಾಗಿಸಿ ಕಾಗದದ ಮೇಲೆ ಬೀಳಿಸುವ ಎನ್ಲಾರ್ಜರ್ ಎಂಬ ಯಂತ್ರ ಬಳಕೆಗೆ ಬಂದಿತು. ಮೇಲೆ ಬಲ್ಬು ಇರುವ ಗೂಡು, ಅದರ ಕೆಳಗೆ ನೆಗೆಟಿವ್ ಹಿಡಿಯುವ ಚೌಕಟ್ಟು, ಅದರ ಕೆಳಗೆ ಲೆನ್ಸು, ಇವೆಲ್ಲ ಒಂದು ಕಂಬದ ಮೇಲೆ ಏರಿಳಿಯುವಂತೆ ಜೋಡಿಸಿದ್ದು, ತಳದಲ್ಲಿ ಕಾಗದವನ್ನಿಡುವ ಹಲಗೆ ಇರುವುದೇ ಅದರ ರಚನೆ. ಮೂವತ್ತೈದು ಮಿಲಿಮೀಟರ್ ಫಿಲ್ಮಿಗೆ 50 ಮಿಲಿಮೀಟರ್ ಲೆನ್ಸೂ ಆರು ಸೆಂಟಿಮೀಟರ್ ಚೌಕದ ಫಿಲ್ಮಿಗೆ 75 ಅಥವಾ 80 ಮಿಲಿಮೀಟರ್ ಲೆನ್ಸೂ ರೂಢಿಯಲ್ಲಿವೆ.

ಕೋಣೆ ದೊಡ್ಡದಿರಬೇಕಾಗಿಲ್ಲ. ಬಚ್ಚಲುಮನೆಯನ್ನೋ ಮೆಟ್ಟಿಲ ಕೆಳಗಿನ ಜಾಗವನ್ನೋ ಕತ್ತಲೆ ಕೋಣೆಯಾಗಿಸಿಕೊಂಡವರು ನಮ್ಮ ಊರುಗಳಲ್ಲಿ ಅಸಂಖ್ಯರಿದ್ದಾರೆ. ಬೆಳಕು ಸೋರದಿರುವುದು, ಗಾಳಿಯಾಡುವುದು, ಒಣ ಕೆಲಸ ಮತ್ತು ಒದ್ದೆ ಕೆಲಸ ಬೇರೆ ಬೇರೆ ಬದಿಗಳಲ್ಲಿ ನಡೆಯುವುದು, ಈ ಮೂರು ಮಾತ್ರ ಕಡ್ಡಾಯ. ಕೆಲಸಕ್ಕೆ ಬೇಕಾದ ಮಂದ ಬೆಳಕನ್ನು ಕೆಂಪು ಅಥವಾ ಕಂದುಹಳದಿ ದೀಪ ಕೊಡುತ್ತದೆ. ಪ್ರಿಂಟಿನ ಕಾಗದ ನೀಲಿ ಮತ್ತು ಹಸಿರು ಬೆಳಕಿಗೆ ಮಾತ್ರ ಸ್ಪಂದಿಸುವಂತೆ ತಯಾರಾಗಿರುವುದರಿಂದ ಈ ದೀಪ ಅದಕ್ಕೆ ಕಾಣುವುದಿಲ್ಲ. ಆದರೆ ಬಲ್ಬಿಗೆ ಕೆಂಪು ಕಾಗದ ಸುತ್ತಿದ ಮಾತ್ರಕ್ಕೆ ದೀಪ ನಿರಪಾಯಕಾರಿಯೆಂದು ನಂಬಲಾಗದು, ಪರೀಕ್ಷಿಸಿ ನೋಡಲೇಬೇಕು. ಕಾಗದದ ಒಂದು ತುಂಡಿಗೆ ಎನ್ಲಾರ್ಜರಿನಿಂದ ತೆಳುಬೂದು ಬರುವಷ್ಟು ಮಾತ್ರ ಬೆಳಕು ಕೊಟ್ಟು, ಅದರ ಮೇಲೆ ಒಂದು ನಾಣ್ಯವನ್ನಿಟ್ಟು, ಕೆಂಪು ದೀಪದ ಕೆಳಗೆ ಏಳೆಂಟು ನಿಮಿಷ ಬಿಟ್ಟು ಸಂಸ್ಕರಿಸಿದಾಗ ನಾಣ್ಯದ ಗುರುತು ಮೂಡಿದರೆ ದೀಪ ಅಪಾಯಕಾರಿ. ಮೊದಲೇ ಸ್ವಲ್ಪ ಬೆಳಕು ಕೊಡುವುದಕ್ಕೆ ಕಾರಣವಿದೆ: ಏನೂ ಬೆಳಕು ಕಾಣದ ಕಾಗದ ದೀಪದ ಅಲ್ಪ ಪ್ರಭಾವವನ್ನು ಮರೆಮಾಚಿಬಿಡುತ್ತದೆ, ಚಿತ್ರ ಬಿದ್ದ ಕಾಗದ ಹಾಗೆ ಮರೆಮಾಚದು. ಪ್ರಿಂಟುಗಳ ಬಿಳುಪು ಸದಾ ಮಾಸಲಾಗಿ ಬರುತ್ತಿದ್ದರೆ, ರಾಸಾಯನಿಕಗಳನ್ನು ದೂರುವ ಮುನ್ನ ಈ ಪರೀಕ್ಷೆಯನ್ನು ಮಾಡಿ ನೋಡುವುದು ಒಳಿತು.

ಎನ್ಲಾರ್ಜರಿನ ಬೆಳಕು ಕೆಲವು ಸೆಕೆಂಡುಗಳ ಕಾಲ ಬಿದ್ದ ಕಾಗದದಲ್ಲಿ ಕಣ್ಣಿಗೆ ಏನೂ ಕಾಣುವುದಿಲ್ಲ. ಆದರೂ ಚಿತ್ರ ಆಗಲೇ ಅಲ್ಲಿ ಇರುತ್ತದೆ, ಸುಪ್ತವಾಗಿ. ಬೆಳಕು ತಾಗಿದ ಪ್ರತಿಯೊಂದು ಬ್ರೋಮೈಡ್ ಹರಳಿನಲ್ಲಿ ಕೆಲವೇ ಕೆಲವು ಬೆಳ್ಳಿಯ ಪರಮಾಣುಗಳು ಬಿಡುಗಡೆಯಾಗಿ ಒಂದು ಚುಕ್ಕಿಯಾಗಿ ಕೂಡಿರುತ್ತವೆ, ಮತ್ತು ಡೆವಲಪರ್ ಎಂಬ ದ್ರಾವಣದಲ್ಲಿ ಮುಳುಗಿಸಿದಾಗ ಆ ಚುಕ್ಕಿಯಿಂದ ಆರಂಭವಾಗಿ ಇಡೀ ಹರಳು ಲೋಹದ ಬೆಳ್ಳಿಯಾಗಿ ಮಾರ್ಪಡುತ್ತದೆ. ಒಂದು ಹನಿ ಹೆಪ್ಪು ಪಾತ್ರೆಯ ಹಾಲನ್ನೆಲ್ಲ ಮೊಸರಾಗಿಸುವ ಹಾಗೆ, ಬೆಳಕು ಕೊಟ್ಟ ಅತ್ಯಲ್ಪ ಪ್ರಚೋದನೆ ಕೋಟ್ಯಂತರ ಪಟ್ಟು ಹಿಗ್ಗುತ್ತದೆ. ಬೆಳಕು ತಾಗದ ಹರಳುಗಳು ಡೆವಲಪರಿನಲ್ಲಿಯೂ ಸುಮ್ಮನಿರುತ್ತವೆ. ಸಣ್ಣ ಕಣಗಳ ರೂಪದಲ್ಲಿರುವ ಈ ಬೆಳ್ಳಿ ಹೊಳೆಯುವುದಿಲ್ಲ, ಬೆಳಕನ್ನು ಹೀರಿ ಕಪ್ಪಾಗಿ ಕಾಣುತ್ತದೆ. ಕಪ್ಪುಬಿಳುಪು ಪ್ರಿಂಟಿನಲ್ಲಿ ಕಾಣುವ ಕಪ್ಪೆಲ್ಲ ಬೆಳ್ಳಿಯೇ.

ಡೆವಲಪರನ್ನು ಸ್ವತಃ ತಯಾರಿಸಿಕೊಳ್ಳುವುದು ಕಲಿಯುವವರಿಗೆ ದೊಡ್ಡ ಪಾಠ, ಏಕೆಂದರೆ ಒಂದೊಂದು ಪದಾರ್ಥವೂ ಯಾವ ಕೆಲಸಕ್ಕೆ ಇದೆಯೆಂಬುದು ಆಗ ಮನದಟ್ಟಾಗುತ್ತದೆ. ಕೊಡ್ಯಾಕ್ ಸಂಸ್ಥೆಯ ಪ್ರಸಿದ್ಧ ಡಿ-72 ಸೂತ್ರದಂತೆ ಒಂದು ಲೀಟರಿಗೆ ಮೆಟಾಲ್ 3 ಗ್ರಾಂ, ಸೋಡಿಯಂ ಸಲ್ಫೈಟ್ 45 ಗ್ರಾಂ, ಹೈಡ್ರೋಕ್ವಿನೋನ್ 12 ಗ್ರಾಂ, ಸೋಡಿಯಂ ಕಾರ್ಬೊನೇಟ್ ಮಾನೋಹೈಡ್ರೇಟ್ 80 ಗ್ರಾಂ ಮತ್ತು ಪೊಟ್ಯಾಸಿಯಂ ಬ್ರೋಮೈಡ್ 2 ಗ್ರಾಂ ಬೇಕು. ಮೆಟಾಲ್ ನಸುಬೂದುಗಳನ್ನು ಬೇಗ ಮೂಡಿಸುತ್ತದೆ, ಹೈಡ್ರೋಕ್ವಿನೋನ್ ಕಪ್ಪಿಗೆ ಗಾಢತೆ ಕೊಡುತ್ತದೆ. ಕಾರ್ಬೊನೇಟ್ ದ್ರಾವಣವನ್ನು ಕ್ಷಾರಗೊಳಿಸಿ ಅವೆರಡನ್ನೂ ಚುರುಕಾಗಿಸಿದರೆ, ಸಲ್ಫೈಟ್ ಅವು ಗಾಳಿಯ ಆಮ್ಲಜನಕದಿಂದ ಬೇಗ ಕೆಡದಂತೆ ಕಾಯುತ್ತದೆ, ಬ್ರೋಮೈಡ್ ಬೆಳಕು ತಾಗದ ಹರಳುಗಳು ಕಪ್ಪಾಗದಂತೆ ಹಿಡಿದಿಡುತ್ತದೆ. ಬೆರೆಸುವ ಕ್ರಮಕ್ಕೂ ಅರ್ಥವಿದೆ. ಸಲ್ಫೈಟ್ ತುಂಬಿದ ನೀರಿನಲ್ಲಿ ಮೆಟಾಲ್ ಸರಿಯಾಗಿ ಕರಗದು, ಸಲ್ಫೈಟೇ ಇಲ್ಲದ ನೀರಿನಲ್ಲಿ ಅದು ಬೇಗ ಬಣ್ಣಗೆಡುತ್ತದೆ. ಆದುದರಿಂದ ಬೆಚ್ಚನೆಯ ನೀರಿಗೆ ಮೊದಲು ಒಂದು ಚಿಟಿಕೆ ಸಲ್ಫೈಟನ್ನೂ ಆಮೇಲೆ ಮೆಟಾಲನ್ನೂ ಹಾಕಿ, ಅದು ಪೂರ್ತಿ ಕರಗಿದ ಮೇಲೆ ಉಳಿದವನ್ನು ಒಂದೊಂದಾಗಿ ಸೇರಿಸಲಾಗುತ್ತದೆ. ಬಳಸುವಾಗ ಇದರ ಒಂದು ಪಾಲಿಗೆ ಎರಡು ಪಾಲು ನೀರು.

ಡೆವಲಪರ್ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕೆಂದು ಪುಸ್ತಕಗಳು ಹೇಳುತ್ತವೆ. ಬೆಂಗಳೂರಿನ ಅಥವಾ ಮಡಿಕೇರಿಯ ಚಳಿಗಾಲದಲ್ಲಿ ಇದು ಕಷ್ಟವಲ್ಲ, ಆದರೆ ರಾಯಚೂರು, ಕಲಬುರಗಿಗಳ ಬೇಸಿಗೆಯಲ್ಲಿ ನಲ್ಲಿಯ ನೀರೇ 30 ಡಿಗ್ರಿಯನ್ನು ದಾಟಿರುವಾಗ ಟ್ರೇಯನ್ನು ಮಂಜುಗಡ್ಡೆಯ ನೀರು ತುಂಬಿದ ದೊಡ್ಡ ಟ್ರೇಯೊಳಗೆ ಇಡಬೇಕಾಗುತ್ತದೆ. ಬಿಸಿ ಹೆಚ್ಚಿದರೆ ಚಿತ್ರ ಅವಸರದಲ್ಲಿ ಕಪ್ಪಾಗುವುದಲ್ಲದೆ ಬಿಳುಪೂ ಮಾಸುತ್ತದೆ. ತೀರ ತಣ್ಣಗಾಗಿ ಸುಮಾರು 13 ಡಿಗ್ರಿಗಿಂತ ಕೆಳಗಿಳಿದರೆ ಹೈಡ್ರೋಕ್ವಿನೋನ್ ಬಹುಮಟ್ಟಿಗೆ ಕೆಲಸ ನಿಲ್ಲಿಸಿ ಪ್ರಿಂಟು ಸಪ್ಪೆಯಾಗುತ್ತದೆ.

ಟ್ರೇಯೊಳಗೆ ಕಾಗದವನ್ನು ಜಾರಿಸಿ, ಟ್ರೇಯ ಒಂದು ಅಂಚನ್ನು ಮೆಲ್ಲಗೆ ಎತ್ತಿ ಇಳಿಸುತ್ತಿದ್ದರೆ ಹದಿನೈದು ಇಪ್ಪತ್ತು ಸೆಕೆಂಡುಗಳಲ್ಲಿ ಚಿತ್ರ ಮೂಡಲಾರಂಭಿಸುತ್ತದೆ. ಕಲಿಯುವವರ ಅತಿ ಸಾಮಾನ್ಯವಾದ ತಪ್ಪು ನಡೆಯುವುದು ಇಲ್ಲಿಯೇ. ಕೆಂಪು ದೀಪದ ಕೆಳಗೆ ಚಿತ್ರ ಇರುವುದಕ್ಕಿಂತ ಹೆಚ್ಚು ಕಪ್ಪಾಗಿ ಕಾಣುವುದರಿಂದ, ಅದು ಕೆಟ್ಟೇಹೋಗುತ್ತದೆಂಬ ಭಯದಲ್ಲಿ ಅರ್ಧಕ್ಕೇ ಹೊರತೆಗೆದುಬಿಡುವುದು ಸಹಜ. ಹಾಗೆ ತೆಗೆದ ಪ್ರಿಂಟಿನಲ್ಲಿ ಕಪ್ಪು ಕಪ್ಪಾಗಿರುವುದಿಲ್ಲ, ಬೂದುಬಣ್ಣ ಕಲೆಕಲೆಯಾಗಿ ಹರಡಿರುತ್ತದೆ. ಡೆವಲಪರಿನ ಅವಧಿ ಚಿತ್ರದ ಗಾಢತೆಯನ್ನು ಹೊಂದಿಸುವ ಸಾಧನವಲ್ಲ. ಪ್ಲಾಸ್ಟಿಕ್ ಪದರವಿರುವ ಕಾಗದಕ್ಕೆ ಒಂದರಿಂದ ಒಂದೂವರೆ ನಿಮಿಷ, ಸಾದಾ ಕಾಗದದ ತಳವಿರುವುದಕ್ಕೆ ಎರಡರಿಂದ ಮೂರು ನಿಮಿಷ ಎಂದು ನಿಗದಿಯಾದ ಮೇಲೆ ಅದು ಪೂರ್ತಿಯಾಗಲೇಬೇಕು. ಚಿತ್ರ ಹೆಚ್ಚು ಕಪ್ಪಾದರೆ ಮುಂದಿನ ಕಾಗದಕ್ಕೆ ಕಡಿಮೆ ಬೆಳಕು ಕೊಡಬೇಕೇ ಹೊರತು ಈ ಕಾಗದವನ್ನು ಬೇಗ ಹೊರತೆಗೆಯಬಾರದು. ಆಮೇಲೆ ಶೇಕಡಾ 2ರಷ್ಟು ಅಸಿಟಿಕ್ ಆಮ್ಲದ ದ್ರಾವಣದಲ್ಲಿ ಅರ್ಧ ನಿಮಿಷ ಅದ್ದಿದರೆ ಡೆವಲಪರಿನ ಕೆಲಸ ತಟ್ಟನೆ ನಿಲ್ಲುತ್ತದೆ, ಬಳಿಕ ಹೈಪೊದಲ್ಲಿ ಹತ್ತು ನಿಮಿಷ ಇಟ್ಟರೆ ಬೆಳಕು ತಾಗದೆ ಉಳಿದ ಹರಳುಗಳೆಲ್ಲ ಕರಗಿಹೋಗುತ್ತವೆ. ಬಿಳಿ ದೀಪ ಹಾಕಿ ಪ್ರಿಂಟನ್ನು ನೋಡಿ ನಿರ್ಣಯಿಸಬೇಕಾದದ್ದು ಇದಾದ ಮೇಲೆ ಮಾತ್ರ.

ಈಗ ತೀರ್ಮಾನದ ಮಾತು. ಯಾವ ನೆಗೆಟಿವ್‌ಗೆ ಎಷ್ಟು ಸೆಕೆಂಡು ಬೆಳಕು ಬೇಕೆಂದು ಮುಂಚಿತವಾಗಿ ಹೇಳಬಲ್ಲವರು ಯಾರೂ ಇಲ್ಲ, ಮೂವತ್ತು ವರ್ಷ ಕೆಲಸ ಮಾಡಿದವರೂ ಟೆಸ್ಟ್ ಸ್ಟ್ರಿಪ್ ಎಂಬ ಪರೀಕ್ಷಾಪಟ್ಟಿಯಿಂದಲೇ ಆರಂಭಿಸುತ್ತಾರೆ. ಕಾಗದದ ಒಂದು ಪಟ್ಟಿಯನ್ನು ಚಿತ್ರದ ಮುಖ್ಯ ಭಾಗದ ಮೇಲಿಟ್ಟು, ರಟ್ಟಿನಿಂದ ಮುಚ್ಚುತ್ತಾ ಹೋಗಿ, ಪಟ್ಟಿಯ ಒಂದೊಂದು ಭಾಗಕ್ಕೆ ಒಂದೊಂದು ಅವಧಿಯ ಬೆಳಕು ಸಿಗುವಂತೆ ಮಾಡುವುದೇ ಇದರ ಕ್ರಮ. ಸಾಮಾನ್ಯವಾಗಿ 5, 10, 15, 20 ಸೆಕೆಂಡು ಎಂದು ಸಮನಾಗಿ ಏರಿಸಲಾಗುತ್ತದೆ, ಆದರೆ ಐದರಿಂದ ಹತ್ತಕ್ಕೆ ಹೋದಾಗ ಬೆಳಕು ಇಮ್ಮಡಿಯಾಗುತ್ತದೆ, ಹದಿನೈದರಿಂದ ಇಪ್ಪತ್ತಕ್ಕೆ ಹೋದಾಗ ಮೂರನೆಯ ಒಂದು ಪಾಲಷ್ಟೇ ಹೆಚ್ಚುತ್ತದೆ. ಹೀಗಾಗಿ ಪಟ್ಟಿಯ ಒಂದು ತುದಿಯಲ್ಲಿ ಹೆಜ್ಜೆಗಳು ತೀರ ದೂರ, ಇನ್ನೊಂದು ತುದಿಯಲ್ಲಿ ತೀರ ಹತ್ತಿರ. 4, 5.6, 8, 11, 16, 22 ಎಂದು ಗುಣಿಸಿಕೊಂಡು ಏರಿಸಿದರೆ ಕಣ್ಣಿಗೆ ಸಮನಾಗಿ ಕಾಣುವ ಹೆಜ್ಜೆಗಳು ದೊರೆಯುತ್ತವೆ. ಪಟ್ಟಿಯನ್ನು ನೋಡುವಾಗ ಮೊದಲು ಕಾಣಬೇಕಾದದ್ದು ಕಪ್ಪಲ್ಲ. ಚಿತ್ರದ ಅತಿ ತಿಳಿಯಾದ, ಆದರೂ ವಿವರ ಉಳಿಯಬೇಕಾದ ಭಾಗ, ಉದಾಹರಣೆಗೆ ಬಿಳಿ ಪಂಚೆಯ ಮಡಿಕೆ, ಯಾವ ಅವಧಿಯಲ್ಲಿ ಸರಿಯಾಗಿ ಬಂದಿದೆಯೋ ಆ ಅವಧಿಯೇ ಆ ನೆಗೆಟಿವ್‌ಗೆ ತಕ್ಕದ್ದು. ಆ ಅವಧಿಯಲ್ಲಿ ಕಪ್ಪು ಹೇಗಿದೆ ಎಂಬುದು ಎರಡನೆಯ ಪ್ರಶ್ನೆ, ಅದಕ್ಕೆ ಉತ್ತರ ಸಮಯದಲ್ಲಿಲ್ಲ, ಕಾಂಟ್ರಾಸ್ಟಿನಲ್ಲಿದೆ.

ಕಾಂಟ್ರಾಸ್ಟ್ ಎಂದರೆ ಬಿಳುಪಿಗೂ ಕಪ್ಪಿಗೂ ನಡುವಣ ಏರಿಳಿತದ ತೀವ್ರತೆ. ಹಿಂದೆ ಕಾಗದಗಳು 0ಯಿಂದ 5ರವರೆಗಿನ ಗ್ರೇಡುಗಳಲ್ಲಿ ಬೇರೆ ಬೇರೆ ಡಬ್ಬಿಗಳಾಗಿ ಬರುತ್ತಿದ್ದವು; ಕಡಿಮೆ ಗ್ರೇಡಿನದು ಮೃದು, ಹೆಚ್ಚು ಗ್ರೇಡಿನದು ಕಠಿಣ. ಸಪ್ಪೆಯಾದ ನೆಗೆಟಿವ್‌ಗೆ ಕಠಿಣ ಕಾಗದವನ್ನೂ ತೀಕ್ಷ್ಣವಾದುದಕ್ಕೆ ಮೃದು ಕಾಗದವನ್ನೂ ಆರಿಸಿಕೊಳ್ಳಬೇಕಿದ್ದುದರಿಂದ ಸ್ಟುಡಿಯೋಗಳು ಮೂರು ನಾಲ್ಕು ಬಗೆಯ ಕಾಗದವನ್ನು ಸಂಗ್ರಹಿಸಿಟ್ಟುಕೊಳ್ಳುತ್ತಿದ್ದವು. ಇಂಗ್ಲೆಂಡಿನ ಇಲ್‌ಫರ್ಡ್ ಸಂಸ್ಥೆ 1940ರಲ್ಲಿ ಹೊರತಂದ ಮಲ್ಟಿಗ್ರೇಡ್ ಕಾಗದ ಈ ತೊಡಕನ್ನು ಬಿಡಿಸಿತು. ಅಂಥ ಕಾಗದದ ಲೇಪ ನೀಲಿ ಬೆಳಕಿಗೆ ಕಠಿಣವಾಗಿ, ಹಸಿರು ಬೆಳಕಿಗೆ ಮೃದುವಾಗಿ ಸ್ಪಂದಿಸುತ್ತದೆ. ಲೆನ್ಸಿನ ಕೆಳಗೆ ಹಳದಿ ಫಿಲ್ಟರ್ ಹಿಡಿದರೆ ನೀಲಿ ತಡೆಯಲ್ಪಟ್ಟು ಚಿತ್ರ ಮೃದುವಾಗುತ್ತದೆ, ಮಜೆಂಟಾ ಎಂಬ ನೇರಳೆಗೆಂಪು ಫಿಲ್ಟರ್ ಹಿಡಿದರೆ ಹಸಿರು ತಡೆಯಲ್ಪಟ್ಟು ಕಠಿಣವಾಗುತ್ತದೆ. ಸಮಯದಿಂದ ಬಿಳುಪನ್ನು, ಫಿಲ್ಟರಿನಿಂದ ಕಪ್ಪನ್ನು ಹೊಂದಿಸಬೇಕೆಂಬ ಸೂತ್ರವೂ ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕೆಂಬ ಶಿಸ್ತೂ ರೂಢಿಯಾದರೆ ಕಲಿಕೆಯ ಅರ್ಧ ದಾರಿ ಸಾಗಿದಂತೆಯೇ. ಎರಡನ್ನೂ ಒಟ್ಟಿಗೆ ಬದಲಿಸಿದವರಿಗೆ ಪ್ರಿಂಟು ಸುಧಾರಿಸಿದ್ದು ಯಾವುದರಿಂದ ಎಂಬುದು ಎಂದಿಗೂ ತಿಳಿಯುವುದಿಲ್ಲ.

ಇಡೀ ಕಾಗದಕ್ಕೆ ಒಂದೇ ಪ್ರಮಾಣದ ಬೆಳಕು ಕೊಟ್ಟು ತೃಪ್ತಿಕರವಾದ ಪ್ರಿಂಟು ಬರುವುದು ಅಪರೂಪ. ಮುಖ ಸರಿಯಾಗಿ ಬಂದಾಗ ಹಿಂದಿನ ಆಕಾಶ ಬರಿದಾಗಿರುತ್ತದೆ, ಆಕಾಶಕ್ಕೆ ಮೋಡ ಬಂದಾಗ ಮುಖ ಕಪ್ಪಿಟ್ಟಿರುತ್ತದೆ. ಆಗ ಬೆಳಕು ಬೀಳುತ್ತಿರುವಷ್ಟು ಹೊತ್ತಿನಲ್ಲಿ ಸ್ವಲ್ಪ ಕಾಲ ತಂತಿಯ ತುದಿಗೆ ಸಿಕ್ಕಿಸಿದ ರಟ್ಟಿನ ಬಿಲ್ಲೆಯಿಂದ ಮುಖದ ಭಾಗಕ್ಕೆ ನೆರಳು ಹಿಡಿಯುವುದುಂಟು, ಅದು ಡಾಡ್ಜಿಂಗ್. ನಿಗದಿತ ಅವಧಿ ಮುಗಿದ ಮೇಲೆ ತೂತು ಮಾಡಿದ ರಟ್ಟಿನ ಮೂಲಕ ಆಕಾಶಕ್ಕೆ ಮಾತ್ರ ಇನ್ನಷ್ಟು ಬೆಳಕು ಕೊಡುವುದುಂಟು, ಅದು ಬರ್ನಿಂಗ್. ರಟ್ಟು ಒಂದೆಡೆ ನಿಂತರೆ ಅದರ ಅಂಚು ಚಿತ್ರದಲ್ಲಿ ಗೆರೆಯಾಗಿ ಮೂಡುವುದರಿಂದ ಕೈ ಸದಾ ಸಣ್ಣಗೆ ಅಲುಗಾಡುತ್ತಿರಬೇಕು. ಇಲ್ಲಿ ಕಣ್ಣು ರಟ್ಟಿನ ನೆರಳಿನ ಮೇಲಿರಬೇಕಾದುದರಿಂದ ಸಮಯವನ್ನು ಅಳೆಯುವ ಹೊಣೆ ಕಿವಿಯ ಪಾಲಾಗುತ್ತದೆ. ಎಳವೆಯಲ್ಲಿ ಪಿಯಾನೊ ಕಲಿತಿದ್ದ ಅಮೆರಿಕದ ಆನ್ಸೆಲ್ ಆಡಮ್ಸ್ ಅವರು ಕತ್ತಲೆ ಕೋಣೆಯಲ್ಲಿ ಸಂಗೀತಗಾರರ ತಾಳಯಂತ್ರವಾದ ಮೆಟ್ರೊನೋಮನ್ನಿಟ್ಟುಕೊಂಡು ಅದರ ಸದ್ದಿನಿಂದಲೇ ಸೆಕೆಂಡುಗಳನ್ನು ಎಣಿಸುತ್ತಿದ್ದರು. ದೃಶ್ಯಕಲೆಯೊಂದನ್ನು ಕುರಿತು ಬಾನುಲಿಯಲ್ಲಿ ಮಾತನಾಡುವುದಕ್ಕೆ ಇದಕ್ಕಿಂತ ಒಳ್ಳೆಯ ಸಮರ್ಥನೆ ಬೇಕಾಗಿಲ್ಲ.

ಆಡಮ್ಸ್ ಅವರ ಚಿತ್ರವೊಂದರ ಕಥೆಯನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಪ್ರಿಂಟಿನಲ್ಲಿ ಆಗುವ ತೀರ್ಮಾನಕ್ಕೆ ಅದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ. 1941ರ ನವೆಂಬರ್ 1ರ ಸಂಜೆ ನ್ಯೂ ಮೆಕ್ಸಿಕೊದ ಹರ್ನಾಂಡೆಜ್ ಎಂಬ ಹಳ್ಳಿಯ ಮೇಲೆ ಚಂದ್ರ ಮೂಡಿದ್ದು, ಮುಳುಗುತ್ತಿದ್ದ ಸೂರ್ಯನ ಬೆಳಕು ಸ್ಮಶಾನದ ಶಿಲುಬೆಗಳ ಮೇಲೆ ಬಿದ್ದಿದ್ದುದನ್ನು ಅವರು ಕಂಡರು. ಬೆಳಕಿನ ಮಾಪಕ ಕೈಗೆ ಸಿಗದಿದ್ದುದರಿಂದ, ತಮಗೆ ತಿಳಿದಿದ್ದ ಚಂದ್ರನ ಪ್ರಕಾಶದ ಪ್ರಮಾಣವನ್ನೇ ಆಧಾರವಾಗಿಟ್ಟುಕೊಂಡು ಒಂದು ನೆಗೆಟಿವ್ ತೆಗೆದರು; ಎರಡನೆಯದನ್ನು ತೆಗೆಯುವಷ್ಟರಲ್ಲಿ ಶಿಲುಬೆಗಳ ಮೇಲಿನ ಬೆಳಕು ಹೋಗಿತ್ತು. ಆ ಒಂದೇ ನೆಗೆಟಿವ್‌ನಲ್ಲಿ ಮುಂಭಾಗ ತೀರ ತೆಳುವಾಗಿದ್ದು, ಅದರಿಂದ ಪ್ರಿಂಟು ತೆಗೆಯುವುದು ಬಹಳ ಕಷ್ಟವಾಗಿತ್ತು. 1948ರಲ್ಲಿ ಅವರು ಧೈರ್ಯ ಮಾಡಿ ನೆಗೆಟಿವ್‌ನ ಕೆಳಭಾಗವನ್ನು ಮಾತ್ರ ರಾಸಾಯನಿಕವಾಗಿ ಗಾಢಗೊಳಿಸಿದರು. ಮುಂದಿನ ದಶಕಗಳಲ್ಲಿ ಅದರಿಂದ ಸಾವಿರಕ್ಕೂ ಹೆಚ್ಚು ಪ್ರಿಂಟುಗಳನ್ನು ತೆಗೆದರು. ಮೊದಮೊದಲ ಪ್ರಿಂಟುಗಳಲ್ಲಿ ಆಕಾಶ ಬೂದುಬಣ್ಣದ್ದಾಗಿದ್ದು ಅದರಲ್ಲಿ ತೆಳುಮೋಡಗಳು ಕಾಣುತ್ತವೆ. ವರ್ಷಗಳು ಕಳೆದಂತೆ ಅವರು ಆಕಾಶಕ್ಕೆ ಹೆಚ್ಚು ಹೆಚ್ಚು ಬೆಳಕು ಕೊಡುತ್ತಾ ಹೋಗಿ, ಕೊನೆಯ ಪ್ರಿಂಟುಗಳಲ್ಲಿ ಮೋಡಗಳನ್ನೆಲ್ಲ ಅಳಿಸಿ, ಬಹುತೇಕ ಪೂರ್ಣ ಕಪ್ಪಿನ ನಡುವೆ ಚಂದ್ರನನ್ನು ನಿಲ್ಲಿಸಿದರು. ನೆಗೆಟಿವ್ ಒಂದೇ, ತೆಗೆದ ಕೈಯೂ ಒಂದೇ, ಆದರೆ ಏನನ್ನು ಬಿಟ್ಟುಕೊಡಬೇಕೆಂಬ ಮನಸ್ಸು ಮಾತ್ರ ಬದಲಾಗಿತ್ತು. ಇವುಗಳಲ್ಲಿ ಯಾವುದು ನಿಜವಾದ ಚಿತ್ರ ಎಂದು ಕೇಳುವುದು ಸಲ್ಲದು, ಎಲ್ಲವೂ ನಿಜವೇ.

ತೆಗೆಯುವ ಕೈ ಬೇರೆಯಾದಾಗ ಈ ಸಂಗತಿ ಇನ್ನಷ್ಟು ಸೂಕ್ಷ್ಮವಾಗುತ್ತದೆ. ಫ್ರಾನ್ಸಿನ ಆನ್ರಿ ಕಾರ್ತಿಯೆ-ಬ್ರೆಸೋ ಅವರು ತಮ್ಮ ಚಿತ್ರಗಳ ಪ್ರಿಂಟನ್ನು ತಾವೇ ತೆಗೆಯುವ ಗೋಜಿಗೆ ಹೋಗದೆ, ಪಿಯರ್ ಗಾಸ್ಮನ್ 1950ರಲ್ಲಿ ಪ್ಯಾರಿಸ್ಸಿನಲ್ಲಿ ಸ್ಥಾಪಿಸಿದ ಪ್ರಯೋಗಾಲಯಕ್ಕೆ ಆ ಕೆಲಸವನ್ನು ಒಪ್ಪಿಸುತ್ತಿದ್ದರು. ಅಮೆರಿಕದ ಯೂಜೀನ್ ಸ್ಮಿತ್ ಇದಕ್ಕೆ ತೀರ ವಿರುದ್ಧ ಸ್ವಭಾವದವರಾಗಿದ್ದು, ಪ್ರಿಂಟು ತಯಾರಾದ ಮೇಲೂ ಪೊಟ್ಯಾಸಿಯಂ ಫೆರಿಸಯನೈಡ್ ದ್ರಾವಣದಲ್ಲಿ ಅದ್ದಿದ ಕುಂಚದಿಂದ ಕಣ್ಣಿನ ಹೊಳಪನ್ನೋ ಕೆನ್ನೆಯ ಬೆಳಕನ್ನೋ ಸ್ವಲ್ಪ ಸ್ವಲ್ಪವಾಗಿ ತಿಳಿಗೊಳಿಸುತ್ತಿದ್ದರು. ನಮ್ಮ ಊರಿನ ಸ್ಟುಡಿಯೋಗಳಲ್ಲಿ ಗಿರಾಕಿಯನ್ನು ಕೂರಿಸಿ ಚಿತ್ರ ತೆಗೆಯುವ ಮಾಲೀಕರ ಹೆಸರು ಫಲಕದ ಮೇಲಿರುತ್ತಿತ್ತು. ಒಳಗೆ ಫಿಲ್ಮು ತೊಳೆದು, ನೆಗೆಟಿವ್‌ನ ಮೇಲೆ ಪೆನ್ಸಿಲಿನಿಂದ ಟಚಿಂಗ್ ಮಾಡಿ, ರಾತ್ರಿಯೆಲ್ಲ ಪ್ರಿಂಟು ಹಾಕುತ್ತಿದ್ದ ಸಹಾಯಕರನ್ನು ಗಿರಾಕಿಗಳು ಕಂಡವರೇ ಅಲ್ಲ. ಲಕ್ಷಾಂತರ ಮನೆಗಳ ಗೋಡೆಯ ಮೇಲಿರುವ ಹಿರಿಯರ ಮುಖಗಳಲ್ಲಿ ಎಷ್ಟು ನೆರಳಿರಬೇಕೆಂದು ತೀರ್ಮಾನಿಸಿದವರು ಅವರು. ಕನ್ನಡ ನಾಡಿನ ಛಾಯಾಚಿತ್ರದ ಇತಿಹಾಸವನ್ನು ಬರೆಯುವವರು ಅವರ ಅನುಭವವನ್ನು ಕೇಳಿ ದಾಖಲಿಸಿಕೊಳ್ಳುವ ಕೆಲಸ ತಡವಾಗದೆ ಆಗಬೇಕಾಗಿದೆ.

ಹವ್ಯಾಸಿಗಳ ಪರಂಪರೆಯೂ ಇಲ್ಲಿ ಗಟ್ಟಿಯಾದದ್ದೇ. ಸಂಡೂರಿನ ಎಂ. ವೈ. ಘೋರ್ಪಡೆ ಅವರು ರಾಜಕಾರಣದ ನಡುವೆಯೂ ಕಾಡುಪ್ರಾಣಿಗಳನ್ನು ಕಪ್ಪುಬಿಳುಪಿನಲ್ಲಿ ಚಿತ್ರಿಸಿ, 1983ರಲ್ಲಿ ಅವನ್ನು ಪುಸ್ತಕವಾಗಿ ಹೊರತಂದರು, ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್ ಅವರು ಹಲವು ಪೀಳಿಗೆಯ ವನ್ಯಜೀವಿ ಛಾಯಾಗ್ರಾಹಕರಿಗೆ ಗುರುವಾದರು. 1971ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂಥ ಸಂಘಗಳು ಯುವಕರನ್ನು ಒಂದೆಡೆ ಸೇರಿಸಿದವು. ಸಲಾನ್ ಎಂದು ಕರೆಯಲಾಗುವ ಸ್ಪರ್ಧಾ ಪ್ರದರ್ಶನಗಳಲ್ಲಿ ತೀರ್ಪುಗಾರರ ಮುಂದೆ ಬರುತ್ತಿದ್ದದ್ದು ಪ್ರಿಂಟೇ ಆದುದರಿಂದ, ಆ ಕಾಲದ ಹವ್ಯಾಸಿಗೆ ಕತ್ತಲೆ ಕೋಣೆಯ ಕೆಲಸ ಹೆಚ್ಚುವರಿ ಕೌಶಲವಾಗಿರಲಿಲ್ಲ, ಕಲೆಯ ಭಾಗವೇ ಆಗಿತ್ತು.

ಹೈಪೊದಿಂದ ಹೊರಬಂದ ಪ್ರಿ‍ಂಟಿನ ಆಯುಷ್ಯವನ್ನು ನಿರ್ಧರಿಸುವುದು ನೀರು. ಕಾಗದದ ನಾರಿನಲ್ಲಿ ಹೈಪೊ ಉಳಿದುಕೊಂಡರೆ ಕಾಲಕ್ರಮೇಣ ಅದು ಬೆಳ್ಳಿಯೊಡನೆ ವರ್ತಿಸಿ ಬೆಳ್ಳಿಯ ಸಲ್ಫೈಡಾಗುತ್ತದೆ. ಹಳೆಯ ಆಲ್ಬಂಗಳಲ್ಲಿ ಮುಖಗಳು ಹಳದಿಗಂದು ಬಣ್ಣಕ್ಕೆ ತಿರುಗಿ ಮಸುಕಾಗಿರುವುದಕ್ಕೆ ಬಹುಮಟ್ಟಿಗೆ ಇದೇ ಕಾರಣ. ಪ್ಲಾಸ್ಟಿಕ್ ಪದರದ ಕಾಗದ ದ್ರಾವಣವನ್ನು ಹೀರಿಕೊಳ್ಳದಿರುವುದರಿಂದ ಅದಕ್ಕೆ ಹರಿಯುವ ನೀರಿನಲ್ಲಿ ಎರಡರಿಂದ ನಾಲ್ಕು ನಿಮಿಷ ಸಾಕು, ಸಾದಾ ತಳದ ಕಾಗದಕ್ಕೆ ಒಂದು ಗಂಟೆ ಬೇಕು. ನೀರಿನ ಕೊರತೆಯಿರುವ ಊರುಗಳಲ್ಲಿ ಶೇಕಡಾ 2ರ ಸೋಡಿಯಂ ಸಲ್ಫೈಟ್ ದ್ರಾವಣದಲ್ಲಿ ಹತ್ತು ನಿಮಿಷ ನೆನೆಸಿ ಆಮೇಲೆ ತೊಳೆದರೆ ನೀರೂ ಸಮಯವೂ ಬಹಳ ಉಳಿಯುತ್ತವೆ, ಏಕೆಂದರೆ ಸಲ್ಫೈಟ್ ನಾರಿಗೆ ಅಂಟಿದ ಹೈಪೊವನ್ನು ಸಡಿಲಗೊಳಿಸುತ್ತದೆ. ಬಳಸಿ ಮುಗಿದ ಹೈಪೊದಲ್ಲಿ ಕರಗಿದ ಬೆಳ್ಳಿಯಿರುವುದರಿಂದ ಅದನ್ನು ಬಾವಿಯ ಬಳಿಯಾಗಲಿ ಗಿಡಗಳ ಬುಡಕ್ಕಾಗಲಿ ಚೆಲ್ಲಬಾರದು. ಮೆಟಾಲ್ ಕೆಲವರ ಚರ್ಮಕ್ಕೆ ಒಗ್ಗದೆ ತುರಿಕೆ ತರುತ್ತದೆ, ಆದುದರಿಂದ ಟ್ರೇಯಿಂದ ಟ್ರೇಗೆ ಪ್ರಿಂಟು ದಾಟಿಸಲು ಚಿಮಟ ಬಳಸುವುದು ಮೊದಲ ದಿನದಿಂದಲೇ ಅಭ್ಯಾಸವಾಗಬೇಕು.

ಒಣಗಿದ ಪ್ರಿಂಟು ಒದ್ದೆಯಾಗಿದ್ದಾಗಿನದಕ್ಕಿಂತ ಸ್ವಲ್ಪ ಕಪ್ಪಾಗುತ್ತದೆ, ಸಾದಾ ತಳದ ಕಾಗದದಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಟ್ರೇಯಲ್ಲಿ ಹೊಳೆಯುತ್ತಿದ್ದ ಬಿಳುಪು ಮರುದಿನ ಬೆಳಿಗ್ಗೆ ಮಂಕಾಗಿ ಕಂಡು ನಿರಾಶೆಯಾಗುವುದಕ್ಕೆ ಕಾರಣ ಇದೇ. ಬೆಳಕಿನ ಅವಧಿಯನ್ನು ಶೇಕಡಾ 5ರಿಂದ 10ರಷ್ಟು ತಗ್ಗಿಸಿಕೊಂಡರೆ ಇದು ಸರಿಹೋಗುತ್ತದೆ, ಆದರೆ ಎಷ್ಟು ತಗ್ಗಿಸಬೇಕೆಂಬುದನ್ನು ಕಾಗದಕ್ಕೆ ತಕ್ಕಂತೆ ಪ್ರತಿಯೊಬ್ಬರೂ ತಾವೇ ಕಂಡುಕೊಳ್ಳಬೇಕು.

ನೀಲಗಿರಿಯ ಊಟಿಯಲ್ಲಿ 1960ರಲ್ಲಿ ಸ್ಥಾಪನೆಯಾದ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ಇಂದು ಎಂಬ ಹೆಸರಿನ ಫಿಲ್ಮು ಮತ್ತು ಕಾಗದ ಒಂದು ಕಾಲಕ್ಕೆ ಕರ್ನಾಟಕದ ಸ್ಟುಡಿಯೋಗಳಿಗೆಲ್ಲ ಪರಿಚಿತವಾಗಿದ್ದವು. ಆ ಕಾರ್ಖಾನೆ ಈಗ ಮುಚ್ಚಿದೆ. ಇಂದು ಕಲಿಯಲು ಹೊರಟವರು ಇಂಗ್ಲೆಂಡಿನ ಇಲ್‌ಫರ್ಡ್ ಕಾಗದವನ್ನೋ ಜೆಕ್ ದೇಶದ ಫೋಮಾ ಕಾಗದವನ್ನೋ ತರಿಸಿಕೊಳ್ಳಬೇಕು, ಅವು ಅಗ್ಗವಲ್ಲ. ಆದುದರಿಂದ ಹತ್ತಾರು ನೆಗೆಟಿವ್‌ಗಳಿಗೆ ಕೈಹಾಕದೆ, ತಿಳಿ ಬಿಳುಪೂ ಆಳವಾದ ನೆರಳೂ ಮನುಷ್ಯನ ಮುಖವೂ ಇರುವ ಒಂದೇ ನೆಗೆಟಿವ್ ಆರಿಸಿಕೊಂಡು, ಅದರಿಂದಲೇ ಮೃದು, ಕಠಿಣ, ತಿಳಿ, ಗಾಢ ಎಂಬ ಬೇರೆ ಬೇರೆ ಪ್ರಿಂಟುಗಳನ್ನು ತೆಗೆದು, ಅವನ್ನು ಹಗಲಿನ ಬೆಳಕಿನಲ್ಲಿ ಪಕ್ಕಪಕ್ಕದಲ್ಲಿಟ್ಟು ನೋಡುವುದು ಹೆಚ್ಚು ಫಲಕಾರಿ. ಪ್ರತಿಯೊಂದು ಪ್ರಿಂಟಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಲೆನ್ಸಿನ ಬೆಳಕುಕಂಡಿಯ ಅಳತೆಯಾದ ಅಪರ್ಚರ್, ಸೆಕೆಂಡು, ಫಿಲ್ಟರ್, ಎನ್ಲಾರ್ಜರಿನ ಎತ್ತರ, ನೆರಳು ಹಿಡಿದ ಜಾಗ ಇವಿಷ್ಟನ್ನು ಬರೆದಿಡಬೇಕು. ಎತ್ತರ ಬದಲಾದರೆ ಸಮಯವೂ ಬದಲಾಗುತ್ತದೆ: ಅದೇ ಅಪರ್ಚರ್‌ನಲ್ಲಿ 5 ಪಟ್ಟು ದೊಡ್ಡದಾಗಿಸಿದ್ದ ಚಿತ್ರವನ್ನು 10 ಪಟ್ಟಿಗೆ ಏರಿಸಿದಾಗ ಸುಮಾರು 3.4 ಪಟ್ಟು ಹೆಚ್ಚು ಹೊತ್ತು ಬೆಳಕು ಬೇಕಾಗುತ್ತದೆ. ಕಾಗದದ ಹೊಸ ಡಬ್ಬಿ ತೆರೆದಾಗ ಹಳೆಯ ಟಿಪ್ಪಣಿಯ ಸೆಕೆಂಡುಗಳು ಹಾಗೆಯೇ ಹೊಂದುತ್ತವೆಂದು ಭಾವಿಸದೆ, 8ಕ್ಕೆ 10 ಅಂಗುಲದ ಒಂದು ಹಾಳೆಯನ್ನು ಅಗಲದುದ್ದಕ್ಕೆ ಎಂಟು ಪಟ್ಟಿಗಳಾಗಿ ಕತ್ತರಿಸಿ, ಬೆಳಕು ಹೋಗದ ಕಪ್ಪು ಲಕೋಟೆಯಲ್ಲಿಟ್ಟುಕೊಂಡು, ಮೊದಲನೆಯ ಪಟ್ಟಿಯನ್ನು ಮುಖದ ಮೇಲಿಟ್ಟು ಪರೀಕ್ಷೆಯನ್ನು ಹೊಸದಾಗಿ ಆರಂಭಿಸಬೇಕು.